ಬುಟ್ಟಿ ಮುಚ್ಚಿದ ಗುರುತು

ಗೆರೆಗೇ ಬಿದ್ದಿತ್ತು. ಅನುಮಾನವೇ ಇರಲಿಲ್ಲ. ಅಂಪೈರಿನ ಎತ್ತರದ ಕುರ್ಚಿಯಿಂದ ಇಳಿದು ಬಂದ ಸಿದ್ದಲಿಂಗೇಶ್ ಚೆಂಡಿನ ಗುರುತಿನ ಮೇಲೆ ಬಗ್ಗಿದ. ಸಗಣಿ ಸಾರಿಸಿದ ಕೆಮ್ಮಣ್ಣಿನಲ್ಲಿ ಹೆಬ್ಬೆರಳಗಲದ ತಗ್ಗು. ಅದರ ಅಂಚು ಸುಣ್ಣದ ಗೆರೆಯನ್ನು ಕಚ್ಚಿತ್ತು.

ಭಾನುವಾರ, ಟೆನಿಸ್ ಪುರುಷರ ಸಿಂಗಲ್ಸ್ ಫೈನಲ್. ಸಂಡೂರಿನ ಗಣಿ ಕಂಪನಿಯ ಕ್ಲಬ್ಬು, ಮಣ್ಣಿನ ಅಂಕಣ, ಈ ಸೀಮೆಗೆಲ್ಲ ದೊಡ್ಡ ಪಂದ್ಯಾವಳಿ. ಚೆಂಡು ಹೊಡೆದವನು ತಿಪ್ಪೇಶ್; ಇನ್ನೊಂದು ಪಾಯಿಂಟ್ ಸಿಕ್ಕರೆ ಎದುರಾಳಿ ಗಿರೀಶ್ ಚಾಂಪಿಯನ್. ಅವನ ಅಪ್ಪ ವೆಂಕಟೇಶ್, ಕಂಪನಿಯ ಮ್ಯಾನೇಜರು, ಮೊದಲ ಸಾಲಿನಲ್ಲಿ ಕೂತಿದ್ದರು. ಕಂಪನಿ ಶಾಲೆಯಲ್ಲಿ ಆರು ವರ್ಷದಿಂದ ತಾತ್ಕಾಲಿಕವಾಗಿ ಪಾಠ ಹೇಳುತ್ತಿರುವ ತನ್ನ ಹೆಂಡತಿ ತ್ರಿವೇಣಿಯನ್ನು ಕಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿದೆಯೆಂದು ಸಿದ್ದಲಿಂಗೇಶನಿಗೆ ಗೊತ್ತಿತ್ತು. ವೆಂಕಟೇಶ್ ಆ ಮಾತನ್ನೇ ಎತ್ತಿರಲಿಲ್ಲ. ಬೆಳಿಗ್ಗೆ "ಚಾ ಆತೇನ್ರಿ, ಲೆಕ್ಚರರ್ ಸಾಹೇಬ್ರ?" ಎಂದಿದ್ದರು, ಅಷ್ಟೆ. ಆ ‘ಅಷ್ಟೆ’ಯೇ ಅವನನ್ನು ಇಡೀ ದಿನ ಕುದಿಸಿತ್ತು.

"ಔಟ್."

ಅದು ತನ್ನದೇ ಗಂಟಲೆಂದು ಅವನಿಗೆ ಕೂಡಲೇ ತಿಳಿಯಲಿಲ್ಲ.

ಸೋತ ತಿಪ್ಪೇಶ್, ಪಾಪಿನಾಯಕನಹಳ್ಳಿ ಶಾಲೆಯ ಡ್ರಿಲ್ ಮಾಸ್ತರ, ನೆಟ್ಟಿನ ತನಕ ಬಂದ.

"ಸರಿ ನೋಡಿದ್ರೇನ್ರಿ ಸರ್?"

"ನೋಡೀನಿ."

"ಹಂಗಾದ್ರ ಆತು ಬಿಡ್ರಿ."

ಬೈಯಬಾರದೇ? ರ‍್ಯಾಕೆಟ್ ಎಸೆಯಬಾರದೇ? ನಂಬಿಬಿಟ್ಟ, ಬೋಳಿಮಗ! ಸಿದ್ದಲಿಂಗೇಶ್ ಹಲ್ಲು ಕಡಿದ.

ಕಪ್ ಕೊಟ್ಟಾದ ಮೇಲೆ ವೆಂಕಟೇಶ್ ಅವನ ಹೆಗಲು ತಟ್ಟಿದರು. "ಭಾಳ ಸ್ಟ್ರಿಕ್ಟ್ ಅದೀರಪಾ. ಅಂದಂಗ, ಮೇಡಮ್ಮರ ಆರ್ಡರು ಶುಕ್ರವಾರನ ಸೈನ್ ಮಾಡೀನಿ. ಹೇಳಾದು ಮರ್ತಿದ್ದೆ."

"ಶುಕ್ರವಾರನಾ?"

"ಹ್ಞೂಂ. ಯಾಕ್ರಿ?"

"ಏನಿಲ್ಲ."

ಮರೆತ ಟೋಪಿಗೆಂದು ಅವನು ಮರಳಿದಾಗ ಅಂಕಣ ಬರಿದಾಗಿತ್ತು. ಗುರುತಿದ್ದ ಜಾಗದಲ್ಲಿ ಬೋರಲು ಬಿದ್ದ ಬುಟ್ಟಿ. ಪಕ್ಕದಲ್ಲಿ ಬರಿಗಾಲಿನ ಜಂಬವ್ವ. ದಿನಾ ಮುಂಜಾನೆ ಅಂಕಣ ಸಾರಿಸುವವಳು ಅವಳೇ.

"ಏನಿದು?"

"ಗುರುತು ಮುಚ್ಚೀನ್ರಿ. ಕಣದಾಗ ರಾಶಿ ಮ್ಯಾಲೆ ಬೂದಿ ಗುರುತು ಹಾಕಿದ್ರ ಅಳೆಯೋರು ಬರೋತನಕ ಯಾರೂ ಮುಟ್ಟಂಗಿಲ್ಲ. ನೀವು ಸುಮ್ನ ಬಗ್ಗಿ ನೋಡಿ ಹೋದ್ರಿ. ಮತ್ತ ಅಳಿಯಾಕ ಬರ್ತಾರ ಅಂದ್ಕಂಡೆ."

"ಆಟ ಮುಗೀತು. ತೆಗಿ ಅದನ್ನ."

"ನೀವ ತೆಗೀರಿ. ನೋಡಿದೋರು ನೀವ. ಬೂಟ್ ಬಿಟ್ಟು ಬರ್ರಿ, ಹಸನಾಗಿ ಸಾರಿಸೀನಿ."

ಅವನು ಬುಟ್ಟಿಯನ್ನು ಒದ್ದ. ಅದು ಉರುಳಿ ನೆಟ್ಟಿಗೆ ತಾಗಿ ನಿಂತಿತು. ಗುರುತು ಹಾಗೆಯೇ ಇತ್ತು, ಗೆರೆಯನ್ನು ಕಚ್ಚಿಕೊಂಡು. ಬಲಗಾಲಿನ ಹಿಮ್ಮಡಿಯಿಂದ ಅದನ್ನು ತಿಕ್ಕಿದ. ಮತ್ತೆ ತಿಕ್ಕಿದ. ಬೆವರು ಕಣ್ಣಿಗಿಳಿಯುವ ತನಕ ತಿಕ್ಕಿದ.

"ಅಯ್ಯ ಶಿವನ, ಗೆರಿ ಹೋತಲ್ರೀ!"

ಗುರುತಿನ ಜೊತೆಗೆ ಒಂದು ಮೊಳ ಗೆರೆಯೂ ಹೋಗಿತ್ತು. ಅಲ್ಲಿ ಅಂಕಣಕ್ಕೆ ಅಂಚೇ ಇರಲಿಲ್ಲ.

ಟೋಪಿ ಬಿಟ್ಟು ದಡದಡ ನಡೆದ. ಗೇಟಿನ ಹತ್ತಿರ ತಿರುಗಿ ನೋಡಿದ. ಕೆಂಪು ನೆಲದಲ್ಲಿ ಬಲಗಾಲು ಊರಿದಲ್ಲೆಲ್ಲ ಸುಣ್ಣದ ಬಿಳಿ ಗುರುತು, ಒಂದರ ಹಿಂದೊಂದು, ಅವನಿದ್ದಲ್ಲಿಯವರೆಗೆ. ಜಂಬವ್ವ ಬುಟ್ಟಿ ಎತ್ತಿಕೊಂಡು, ಯಾವುದನ್ನು ಮುಚ್ಚಬೇಕೆಂದು ತಿಳಿಯದೆ ನಿಂತಿದ್ದಳು.