ಒಡೆಯಬೇಕಿದ್ದ ಪಟ್ಟಿಗಳು

ಬ್ರಹ್ಮಾವರದ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಕಪ್ಪು ಪೈಪಿನ ಕಾರ್ಖಾನೆಯಲ್ಲಿ ವಿಜೇತಾಳಿಗೆ ಕೆಲಸ ಸಿಕ್ಕಿದಾಗ, ಅದು ಎಂಥ ಕೆಲಸವೆಂದು ಬಸ್ರೂರಿನ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

"ಪೈಪಿನ ಪ್ಲಾಸ್ಟಿಕ್ ಒಡಿತ್ತಾ ಇಲ್ಯಾ ಅಂತ ಕಾಂಬ ಕೆಲ್ಸ" ಎಂದಳು ಅವಳು.

"ಕಾಣ್ತಾ ಕೂಕಂಬ್ದಕ್ಕೆ ಸಂಬಳ ಕೊಡ್ತ್ರಾ?" ಎಂದರು ಅಮ್ಮ.

ಕೆಲಸ ನಿಜಕ್ಕೂ ಹೆಚ್ಚುಕಡಿಮೆ ಅಷ್ಟೇ. ಪೈಪಿಗೆ ಬಳಸುವ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಗಳಿಗೆ ಬ್ಲೇಡಿನಿಂದ ಗೀರು ಹಾಕಿ, ಬಗ್ಗಿಸಿ ಹಿತ್ತಾಳೆಯ ಹಿಡಿಕೆಯಲ್ಲಿ ಸಿಕ್ಕಿಸಿ, ಬಿಸಿಯಾದ ಸಾಬೂನು ದ್ರಾವಣದ ಭರಣಿಯಲ್ಲಿ ಮುಳುಗಿಸಿಡಬೇಕು. ಮಣ್ಣಿನಡಿ ವರ್ಷಗಟ್ಟಲೆ ಹಿಡಿಯುವ ಬಿರುಕು ಅಲ್ಲಿ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಷ್ಟು ಅವಳಿಗೆ ಅರ್ಥವಾಗಿತ್ತು. ಅರ್ಥವಾಗದೆ ಉಳಿದದ್ದು ಎರಡನೆಯ ಭರಣಿ. ಅದರಲ್ಲಿ ಬೇಕೆಂದೇ ಕಳಪೆ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಇಡುತ್ತಿದ್ದರು. ಅವು ಒಡೆಯಲೇಬೇಕು, ಒಡೆಯದಿದ್ದರೆ ಪರೀಕ್ಷೆಯೇ ಸರಿಯಿಲ್ಲವೆಂದು ಲೆಕ್ಕ. ಒಂದು ಭರಣಿಯ ಮುಂದೆ ನಿಂತು ಒಡೆಯದಿರಲಿ ಎಂದು, ಪಕ್ಕದ್ದರ ಮುಂದೆ ಒಡೆಯಲಿ ಎಂದು ಹಾರೈಸುವಾಗ ತಾನು ಯಾರ ಕಡೆಯವಳು ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳು ಒಬ್ಬಳೇ ಮಾಡಿದ ಮೊದಲ ಪರೀಕ್ಷೆಯಲ್ಲಿ ಯಾವ ಪಟ್ಟಿಯೂ ಒಡೆಯಲಿಲ್ಲ. ಒಳ್ಳೆಯದೂ ಇಲ್ಲ, ಕಳಪೆಯದೂ ಇಲ್ಲ. ದಿನವೂ ಗಾಜಿನ ಹೊರಗಿನಿಂದ ಬಗ್ಗಿ ನೋಡುತ್ತಿದ್ದಳು. ಮೊದಲು ಮಸುಕಾಗಿದ್ದ ದ್ರಾವಣ ಈಗ ತಿಳಿಯಾಗಿ ಕಾಣುತ್ತಿತ್ತು. ಮಡ್ಡಿ ಅಡಿಗಿಳಿದಿರಬೇಕು ಎಂದುಕೊಂಡಳು.

ಲ್ಯಾಬಿನ ಮುಖ್ಯಸ್ಥ ಸುಧಾಕರ ಬೈಂದೂರಿನವರು, ಮಾತು ಕಡಿಮೆ. ಗೀರಿನ ಆಳ ಅಳೆದರು, ಬಿಸಿ ನೋಡಿದರು, ಹೊಸ ಬ್ಲೇಡು ತರಿಸಿದರು.

"ನೀನ್ ಎಂತ ಮಾಡ್ದೆ?"

"ನೀವ್ ಹೇಳಿಕೊಟ್ಟ ಹಾಂಗೇ ಮಾಡಿದ್ದೆ ಸರ್."

"ಹಂಗಾರೆ ಒಡೀಕಿತ್ತಲ್ದಾ?"

ಅವಳು ಮತ್ತೆ ಭರಣಿಯತ್ತ ಬಗ್ಗಿದಳು. ಅಷ್ಟರಲ್ಲಿ ಮಾಲೀಕ ಮಂಜಯ್ಯ ಬಂದು ಭರಣಿಗಳನ್ನು ನೋಡಿ ಖುಷಿಪಟ್ಟರು. "ಎಂತದೂ ಒಡಿಲಿಲ್ಲೆ ಅಂದ್ರೆ ಮಾಲು ಗಟ್ಟಿ ಇತ್ತ್ ಅಂತ್ಲೇ ಅಲ್ದಾ?" ಹೌದೆಂದರೆ ಸುಳ್ಳು. ಅಲ್ಲವೆಂದರೆ ಯಾಕೆ ಎಂದು ಕೇಳುತ್ತಾರೆ, ಆ ಯಾಕೆ ಅವಳಿಗೇ ಗೊತ್ತಿಲ್ಲ. ಆ ದಿನ ಊಟದ ಡಬ್ಬಿ ಬಿಚ್ಚಿದರೂ ಅವಳಿಗೆ ತಿನ್ನುವ ಮನಸ್ಸಾಗಲಿಲ್ಲ.

ಸುಧಾಕರ ಹೇಳಿದಂತೆ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮರುದಿನ ಕುಂದಾಪುರದಲ್ಲಿ ಮುಂಚಿನ ಬಸ್ಸೇ ಸಿಕ್ಕಿತು. ಲ್ಯಾಬಿನ ಬಾಗಿಲು ತೆರೆದಿತ್ತು. ಗುಡಿಸಿ ಒರೆಸಲು ಬರುವ ಸುಗುಣಕ್ಕ ಸಿಂಕಿನ ಬಳಿ ನಿಂತು, ಒಂದು ಭರಣಿಯನ್ನು ಬಗ್ಗಿಸಿ ನೀರು ಚೆಲ್ಲುತ್ತಿದ್ದರು. ಪಟ್ಟಿಗಳು ಜಾರದಂತೆ ಭರಣಿಯ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಸುಗುಣಕ್ಕ, ಎಂತ ಮಾಡ್ತಿದ್ರಿ?"

"ಕೊಳಕ್ ನೀರ್ ಮಗಾ, ಬಿಳಿ ಬಿಳಿ ಆಯಿತ್ತ್. ಚೆಲ್ಲಿ ಹೊಸ್ತ್ ಹಾಕ್ತಿದ್ದೆ. ಹ್ವಾದ ಸಲವೂ ಎರಡಕ್ಕೂ ನಾನೇ ಹಾಕಿದ್ದ್. ನೀನ್ ಹೊಸಬ್ಳ್, ಬೈಸ್ಕಂತೆ ಅಂದೇಳಿ."

ವಿಜೇತಾ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನಗಾಗಿಯೇ ಮಾಡಿದವರನ್ನು ಬಯ್ಯುವುದು ಹೇಗೆಂದು ತಿಳಿಯಲಿಲ್ಲ. ಬರಿ ನೀರಿನಲ್ಲಿ ಪಟ್ಟಿ ಅಷ್ಟು ಬೇಗ ಒಡೆಯುವುದಿಲ್ಲ, ಸಾಬೂನೇ ಬೇಕು ಎಂದು ಹೇಳಿದಳು. ಸುಗುಣಕ್ಕನ ಮುಖ ಸಣ್ಣದಾಯಿತು.

ಸುಧಾಕರ ಬಂದಾಗ, "ಸರ್, ಭರಣಿ ನೀರ್ ಬದ್ಲಾಯಿತ್ತ್" ಎಂದಷ್ಟೇ ಹೇಳಿ ವಿಜೇತಾ ನಿಲ್ಲಿಸಿದಳು. ಯಾರು ಎಂದು ಅವರು ಕೇಳುವ ಮೊದಲೇ ಸುಗುಣಕ್ಕ ಪೊರಕೆ ಹಿಡಿದು ಮುಂದೆ ಬಂದರು. "ನಾನೇ. ಗೊತ್ತಿಲ್ದೆ ಆಯ್ತ್." ಸುಧಾಕರ ಇಬ್ಬರನ್ನೂ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಭರಣಿ ಮೇಲೆ 'ಮುಟ್ಟುಕಾಗ' ಅಂತ ನಾನ್ ಬರೀಕಿತ್ತ್. ಅದ್ ನನ್ ತಪ್ಪ್" ಎಂದು ತಮ್ಮ ಕೋಣೆಗೆ ಹೋದರು.

ಮೂರನೆಯ ಸಲ ಕಳಪೆ ಪಟ್ಟಿಗಳು ಮರುದಿನಕ್ಕೇ ಬಿರಿದವು. ವಿಜೇತಾಳಿಗೆ ಆದ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ವಾರ ಮುಗಿಯುವುದರೊಳಗೆ ಮೊದಲ ಭರಣಿಯಲ್ಲಿದ್ದ, ಪೈಪಿಗೆಂದು ತರಿಸಿದ್ದ ಮಾಲಿನ ಪಟ್ಟಿಗಳಲ್ಲೂ ಗೀರಿನ ತುದಿಯಿಂದ ಕೂದಲೆಳೆಯಂಥ ಗೆರೆ ಹೊರಟಿತ್ತು.

ಮಂಜಯ್ಯ ತಲೆ ಕೆರೆದುಕೊಂಡರು. "ಹ್ವಾದ ಸಲ ಗಟ್ಟಿ, ಈ ಸಲ ಲಡ್ಡ್, ಒಡ್ದ್ ಹೋಯ್ತ್. ಮಾಲ್ ಅದೇ. ನಾನ್ ಯಾವ್ದ್ ನಂಬುದ್?"

"ಈ ಸಲದ್ದ್" ಎಂದಳು ವಿಜೇತಾ. ತನ್ನ ಧ್ವನಿ ಇಷ್ಟು ಗಟ್ಟಿಯಾಗಿ ಬಂದದ್ದಕ್ಕೆ ತಾನೇ ಬೆರಗಾದಳು.

ಮಂಜಯ್ಯ ಸುಧಾಕರರ ಕಡೆ ನೋಡಿದರು; ಸುಧಾಕರ ತಲೆಯಾಡಿಸಿದರು. ಆ ಪ್ಲಾಸ್ಟಿಕ್ಕಿನ ಮೂಟೆಗಳನ್ನು ಮಾರಿದವರಿಗೇ ವಾಪಸು ಕಳಿಸುವುದೆಂದಾಯಿತು. ಮಂಜಯ್ಯ ಮಾತ್ರ ಗೊಣಗುತ್ತಲೇ ಹೋದರು.

ಸಂಜೆ ಸುಗುಣಕ್ಕ ನೆಲ ಒರೆಸುತ್ತಾ ಬಂದು ಭರಣಿಯ ಮುಂದೆ ನಿಂತರು.

"ಅಲ್ಲ ಮಗಾ, ಪೈಪ್ ಹೂಳುದ್ ಮಣ್ಣೊಳ್ಗೆ. ಅಲ್ ಸಾಬೂನ್ ಎಲ್ಲಿತ್ತ್?"

ವಿಜೇತಾ ಬಾಯಿ ತೆರೆದಳು. ಮಣ್ಣಿನ ಭಾರ, ವರ್ಷಗಳು, ಆ ವರ್ಷಗಳನ್ನು ಅವಸರಪಡಿಸುವ ಸಾಬೂನು ಎಂದೆಲ್ಲ ಹೇಳಿದಳು.

"ಹಂಗಾರೆ ಅದ್ ಪೈಪಿಗ್ ಮೋಸ ಮಾಡ್ದಾಂಗಲ್ದಾ? ಬರಿ ನೀರೊಳ್ಗೆ ಒಡಿಲಿಲ್ಲೆ ಅದ್."

ಹೌದೆನಿಸಿತು ಒಮ್ಮೆ, ಅಲ್ಲವೆನಿಸಿತು ಮತ್ತೊಮ್ಮೆ. "ಗೊತ್ತಿಲ್ಲೆ ಅಕ್ಕ, ಕೇಂಡ್ಕಂಡ್ ಬತ್ತೆ" ಎಂದು ವಿಜೇತಾ ಸುಧಾಕರರ ಕೋಣೆಯ ಕಡೆ ನಡೆದಳು.