ಅಕ್ಕನಿಗೊಂದು ಶಾಲೆ, ತಂಗಿಗೊಂದು ಬಸ್ಸು

ಗುಣಿಸುವ ಗುರುತಿಗೂ ಕೈಬರಹ ಅಂತ ಇರುತ್ತದೆಯೆ?

ಆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಜುಲ್ಮೀರ ತನ್ನ ದಿನಚರಿಯಲ್ಲಿ ಬರೆದದ್ದು ಇದೊಂದೇ ಸಾಲು. ಬರೆದ ಮೇಲೆ ಅಂಚಿನಲ್ಲಿ ನಾಲ್ಕೈದು ಗುಣಿಸುವ ಗುರುತು ಹಾಕಿ ನೋಡಿದಳು. ಎಲ್ಲದಕ್ಕೂ ಎಡಗಾಲು ಒಂದಿಷ್ಟು ಉದ್ದ. ಪುಸ್ತಕವನ್ನು ದಿಂಬಿನ ಕೆಳಗೆ ತುರುಕಿ ಎದ್ದಳು.

೧೯೭೫ರ ಜೂನ್ ತಿಂಗಳಲ್ಲಿ ಶಾಲೆಗೆ ಆ ಹಾಳೆಗಳು ಬಂದಿದ್ದವು, ಮಕ್ಕಳ ಹೆಸರಿನ ಮುಂದೆ ಬಿಳಿ, ಕರಿ ಎಂಬ ಕಾಲಂಗಳಿದ್ದವು. ಬಾಸ್ಟನ್ನಿನ ಮಕ್ಕಳನ್ನು ಬಿಳಿಯರು, ಕರಿಯರು ಎಂದು ಎಣಿಸಿ, ಬೆರೆಸಿ, ಬಸ್ಸು ಹತ್ತಿಸಿ ಬೇರೆ ಬೇರೆ ಶಾಲೆಗೆ ಕಳಿಸಬೇಕೆಂದು ನ್ಯಾಯಾಲಯ ಹೇಳಿ ವರ್ಷವಾಗಿತ್ತು. ಮಕ್ಕಳನ್ನು ಕೇಳುವಂತಿಲ್ಲ, ಕಣ್ಣಲ್ಲೇ ನೋಡಿ ಗುರುತು ಹಾಕಬೇಕು. ಟೀಚರುಗಳಿಗೆ ಅದು ಮುಜುಗರದ ಕೆಲಸ. "ನೀನೇ ಹಾಕಮ್ಮ, ನಿನಗೆ ಈ ಮಕ್ಕಳೆಲ್ಲ ಗೊತ್ತು" ಎಂದು ಒಬ್ಬೊಬ್ಬರೂ ಖಾಲಿ ಹಾಳೆಗೆ ಸಹಿ ಮಾಡಿ ಕಚೇರಿ ಸಹಾಯಕಿ ಜುಲ್ಮೀರಳ ಕೈಗಿತ್ತರು. ಪದವಿ ಮುಗಿಸಿ ಸೇರಿ ಆರು ತಿಂಗಳೂ ಆಗಿರಲಿಲ್ಲ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಲ್ಲ ಎನ್ನಲು ಬಾಯಿ ಬಾರದ ಹುಡುಗಿ, ತಲೆಯಾಡಿಸಿದಳು.

ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತು ದುಲ್ಸಿ ಟೆಶೇರಳನ್ನು ನೋಡಿದಳು, ಬಿಳಿಯ ಕಾಲಂನಲ್ಲಿ ಗುರುತು ಹಾಕಿದಳು. ಮೂರನೆಯದರ ಬಾಗಿಲಲ್ಲಿ ದುಲ್ಸಿಯ ತಂಗಿ ಇವೋನಿಯನ್ನು ನೋಡಿದಳು, ಕರಿಯ ಕಾಲಂನಲ್ಲಿ ಹಾಕಿದಳು. ಕೈ ತಡೆಯಲೇ ಇಲ್ಲ. ಆಫ್ರಿಕದ ಪಕ್ಕದ ಕೇಪ್ ವರ್ಡ್ ದ್ವೀಪಗಳಿಂದ ತಮ್ಮ ಹಾಗೆ ಬಂದ ಯಾರ ಮನೆಯಲ್ಲಿ ತಾನೇ ಮಕ್ಕಳೆಲ್ಲ ಒಂದೇ ಬಣ್ಣ? ಅವಳ ಅಜ್ಜಿ ಮೊಮ್ಮಕ್ಕಳನ್ನು ಕರೆಯುತ್ತಿದ್ದದ್ದೇ ಬಣ್ಣದ ಮೇಲೆ: ಒಬ್ಬಳು ಹಾಲು, ಒಬ್ಬ ಗೋಧಿ, ಜುಲ್ಮೀರ ಸುಟ್ಟ ಸಕ್ಕರೆ. ಅಮೆರಿಕದ ಯಾವ ಟೀಚರೇ ಆಗಿದ್ದರೂ ಅಕ್ಕತಂಗಿಯರೆಂದು ಇಬ್ಬರನ್ನೂ ಒಂದೇ ಕಡೆ ಹಾಕುತ್ತಿದ್ದರು. ಜುಲ್ಮೀರ ಒಬ್ಬಳು ಉದ್ದ, ಒಬ್ಬಳು ಗಿಡ್ಡ ಎಂದು ಬರೆಯುವ ಹಾಗೆ ಬರೆದುಬಿಟ್ಟಳು.

ಈಗ ಆಗಸ್ಟ್.

"ದುಲ್ಸಿ ಅಮ್ಮ ಬಿಬಿಯಾನಳ ಮನೆಗೆ ಎರಡು ಕಾಗದ ಬಂದಿದ್ಯಂತೆ ಕಣೇ," ಎಂದು ಅಜ್ಜಿ ಹಿಂದಿನ ಸಂಜೆ ಹೇಳಿದ್ದಳು, ಜೋಳ, ಕಾಳು, ಹಂದಿಮಾಂಸ ಬೇಯುತ್ತಿದ್ದ ಕಚೂಪದ ಪಾತ್ರೆಯಲ್ಲಿ ಸೌಟಾಡಿಸುತ್ತ. "ದೊಡ್ಡವಳು ಇಲ್ಲೇ ಓದ್ಬೇಕಂತೆ, ಚಿಕ್ಕವಳು ಬಸ್ಸಲ್ಲಿ ಊರಿನ ಆ ತುದಿಗೆ ಹೋಗ್ಬೇಕಂತೆ. ಹೋದ ವರ್ಷ ಕರಿಯ ಮಕ್ಕಳ ಬಸ್ಸಿಗೆ ಕಲ್ಲು ಹೊಡೆದ್ರಲ್ಲ, ಆ ಕಡೆಗೆ. ನಾಳೆ ಬಂದು ಜಗಳ ಆಡ್ತಾಳಂತೆ. ನಾವು ಪೋರ್ಚುಗೀಸರು ಅಂತ ಬರೆಯೋಕೆ ಏನು ದಾಡಿ ಇವರಿಗೆ?"

"ಹೋದ ತಿಂಗಳು ಪೋರ್ಚುಗಲ್ ಕೈಯಿಂದ ದ್ವೀಪಕ್ಕೆ ಸ್ವಾತಂತ್ರ್ಯ ಬಂತಲ್ಲ ಅಜ್ಜಿ, ಇನ್ನೆಲ್ಲಿಯ ಪೋರ್ಚುಗೀಸು?" ಗುಂಗುರು ಕೂದಲನ್ನು ಬುಟ್ಟಿಯಂತೆ ಬೆಳೆಸಿದ್ದ ಅಣ್ಣ ಅರ್ಮಿಂದು ನಕ್ಕ. "ನಾವು ಕರಿಯರು. ಹೋಗಿ ಕನ್ನಡಿ ನೋಡ್ಕೊ."

"ನಿನ್ನ ತಲೇಲಿ ಹದ್ದು ಗೂಡು ಕಟ್ಟಿದೆ, ಮೊದಲು ಅದನ್ನ ಕತ್ತರಿಸ್ಕೊ. ಕನ್ನಡಿ ಆಮೇಲೆ ನೋಡೋಣ."

ಇಬ್ಬರೂ ಜುಲ್ಮೀರಳ ಕಡೆ ತಿರುಗಿದರು. "ನೀನು ಹೇಳೇ, ಓದಿದವಳು."

"ಉಪ್ಪು ಕಮ್ಮಿಯಾಗಿದೆ," ಎಂದಿದ್ದಳು ಜುಲ್ಮೀರ.

ಬಿಬಿಯಾನ ಬಂದೇ ಬಂದಳು. ಬಟ್ಟೆ ಒಗೆಯುವ ಕಾರ್ಖಾನೆಯ ಸಮವಸ್ತ್ರದಲ್ಲೇ, ಎರಡು ಲಕೋಟೆ, ಇಬ್ಬರು ಹೆಣ್ಣುಮಕ್ಕಳ ಸಮೇತ. ಇಂಗ್ಲಿಷ್ ಅಷ್ಟಕ್ಕಷ್ಟೇ. ಮುಖ್ಯೋಪಾಧ್ಯಾಯಿನಿ ಮಿಸೆಸ್ ಕೀಗನ್ ಜುಲ್ಮೀರಳನ್ನು ಮಧ್ಯೆ ನಿಲ್ಲಿಸಿಕೊಂಡರು, ಆಚೆಯ ಮಾತು ಈಚೆಗೆ ದಾಟಿಸಲು.

"ಈ ಇಬ್ಬರೂ ಒಂದೇ ಹೊಟ್ಟೇಲಿ ಬಂದೋರು ಅಂತ ಹೇಳು ಆ ಅಮ್ಮನಿಗೆ. ಇದನ್ನ ಬರೆದೋಳಿಗೆ ಕಣ್ಣಿರ್ಲಿಲ್ವಾ ಕೇಳು. ಅಕ್ಕ ತಂಗಿ ಯಾರೂ ಇಲ್ಲದ ಅನಾಥೆ ಇರ್ಬೇಕು ಪಾಪ!"

ಜುಲ್ಮೀರ ಕೀಗನ್ ಕಡೆ ತಿರುಗಿದಳು. "ತಾಯಿಗೆ ಬೇಸರವಾಗಿದೆಯಂತೆ."

"ನಾನು ಇಷ್ಟುದ್ದ ಬೈದಿದ್ದು ಇಂಗ್ಲಿಷಲ್ಲಿ ಅಷ್ಟೇನಾ?" ಬಿಬಿಯಾನ ಹುಬ್ಬೇರಿಸಿದಳು.

ಮಿಸೆಸ್ ಕೀಗನ್ ಕಪಾಟಿನಿಂದ ಮೂರನೇ ತರಗತಿಯ ಹಾಳೆಯ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದರು. ಉದ್ದಕ್ಕೂ ಗುರುತುಗಳು. ಎಲ್ಲದಕ್ಕೂ ಎಡಗಾಲು ಉದ್ದ.

"ಹಾಕಿದವರೇ ತಪ್ಪಾಗಿದೆ ಅಂತ ಬರೆದುಕೊಟ್ಟರೆ ಮಾತ್ರ ಮೇಲಿನವರು ಬದಲಾಯಿಸ್ತಾರೆ," ಎಂದರು ಕೀಗನ್. "ಇಲ್ಲಿ ಸಹಿ ಇರೋ ಟೀಚರ್ ನಿವೃತ್ತಿಯಾಗಿ ಫ್ಲೋರಿಡಾಗೆ ಹೋದರು. ಎಲ್ಲಿ ಅಂತ ಹುಡುಕಲಿ? ಶಾಲೆ ಶುರುವಾಗೋಕೆ ಎರಡು ವಾರವೂ ಇಲ್ಲ." ಆಮೇಲೆ ದನಿ ತಗ್ಗಿಸಿದರು. "ಅಲ್ಲ ಜುಲ್ಮೀರ, ನೀನು ಅವರವಳೇ ಅಲ್ವಾ. ನಿಜವಾಗಿ ಏನು ಹಾಕ್ಬೇಕಿತ್ತು ಇವರಿಗೆ?"

ಏನು ಹಾಕಬೇಕಿತ್ತು? ಬಿಳಿ ಎಂದರೆ ಇವೋನಿಯ ಮುಖ ಅಡ್ಡ ಬರುತ್ತದೆ, ಕರಿ ಎಂದರೆ ದುಲ್ಸಿಯದು. ಅಜ್ಜಿಯ ಪೋರ್ಚುಗಲ್ ಹಾಳೆಯಲ್ಲಿಲ್ಲ, ಹೊಸದಾಗಿ ಹುಟ್ಟಿದ ದೇಶವೂ ಇಲ್ಲ. ಸಿಬ್ಬಂದಿಯ ಹಾಳೆಯಲ್ಲಿ ತನ್ನ ಹೆಸರಿನ ಮುಂದೆ ಅವಳು ಖಾಲಿ ಬಿಟ್ಟಿದ್ದಳು. ಆಮೇಲೆ ಯಾರೋ ತುಂಬಿದರು. ಯಾವ ಕಾಲಂ ಎಂದು ನೋಡುವ ಧೈರ್ಯ ಈವರೆಗೂ ಬಂದಿರಲಿಲ್ಲ.

"ಏನಂತಾಳೆ ಆಯಮ್ಮ?" ಬಿಬಿಯಾನ ಕೇಳಿದಳು. ಜುಲ್ಮೀರ ದಾಟಿಸಿದಳು.

"ಯಾವುದಾದ್ರೂ ಹಾಕ್ಲಿ ಮಗಳೇ, ಇಬ್ಬರಿಗೂ ಒಂದೇ ಹಾಕ್ಲಿ. ಬಸ್ಸಲ್ಲಾದ್ರೆ ಬಸ್ಸಲ್ಲಿ. ಕಲ್ಲು ಬಿದ್ರೆ ದೊಡ್ಡವಳು ಚಿಕ್ಕವಳ ತಲೆ ಬಗ್ಗಿಸಿ ಹಿಡ್ಕೋತಾಳೆ. ಒಬ್ಬಳೇ ಆದ್ರೆ ಯಾರು ಹಿಡೀತಾರೆ?"

ಬೆಂಚಿನ ಮೇಲೆ ದುಲ್ಸಿ, ಇವೋನಿ ತೋಳಿಗೆ ತೋಳು ತಾಗಿಸಿ ಕೂತಿದ್ದರು. ಇವೋನಿ ತನ್ನ ಮುಂಗೈ ತಿರುಗಿಸಿ ನೋಡಿಕೊಂಡಳು.

"ಜುಲ್ಮೀರಕ್ಕ, ನಾನು ಸಮುದ್ರದ ಹತ್ರ ಜಾಸ್ತಿ ಆಡಿದ್ದಕ್ಕಾ? ಅವರಿಗೆ ಹೇಳಿ, ಚಳಿಗಾಲದಲ್ಲಿ ಇಳಿಯುತ್ತೆ. ಪ್ರತಿ ವರ್ಷ ಸ್ವಲ್ಪ ಇಳಿಯುತ್ತೆ."

"ಸುಮ್ನಿರೇ," ಎಂದಳು ದುಲ್ಸಿ, ತಂಗಿಯ ಕೈಯನ್ನು ತನ್ನ ಲಂಗದ ಕೆಳಗೆ ಅಡಗಿಸಿಟ್ಟು.

ಮಿಸೆಸ್ ಕೀಗನ್ ಹಾಳೆ ಮಡಿಸತೊಡಗಿದ್ದರು. ಬಿಬಿಯಾನ ಲಕೋಟೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಸುಮ್ಮನಿದ್ದರೆ ಇನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಜುಲ್ಮೀರ ಮಡಿಕೆಯ ಮೇಲೆ ಕೈಯಿಟ್ಟಳು. ಮೊದಲು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಬಿಬಿಯಾನಳ ಕಡೆ ತಿರುಗಿ, ಮನೆಮಾತಿನಲ್ಲಿ, ಒಂದು ಶಬ್ದವನ್ನೂ ಕಡಿಮೆ ಮಾಡದೆ, ಅದನ್ನೇ ಹೇಳಿದಳು:

"ಚಿಕ್ಕಮ್ಮ, ಈ ಗುರುತು ಹಾಕಿದ್ದು ನಾನು. ತಪ್ಪಾಗಿದೆ ಅಂತ ಬರೆದುಕೊಡ್ತೀನಿ. ಯಾವುದು ಸರಿ ಅಂತ ಮಾತ್ರ ನನ್ನನ್ನ ಕೇಳ್ಬೇಡಿ, ನನ್ನದೇ ನನಗೆ ಗೊತ್ತಿಲ್ಲ."