ಬಸವ ಹೊಕ್ಕ ಬಾಗಿಲು

ರೂಪಶ್ರೀಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು ಇರಲಿಲ್ಲ.

ಮದುವೆಯಾಗಿ ಕಾಡಂಚಿನ ಬೊಕ್ಕಾಪುರಕ್ಕೆ ಬಂದಾಗ ಗಂಡ ಮನು, ಅವನ ಅಣ್ಣ ಮಾದಪ್ಪ, ಮಾದಪ್ಪನ ಹೆಂಡತಿ ಮಕ್ಕಳು, ಅತ್ತೆ ಲಿಂಗಾಜಮ್ಮ ಎಲ್ಲರೂ ಒಂದೇ ಮನೆಯಲ್ಲಿದ್ದರು. ನಡುಮನೆಯ ಮೂಲೆಗೆ ಪ್ಲೈವುಡ್ ಹಲಗೆ ನಿಲ್ಲಿಸಿ, ಹಲಗೆ ಸಾಲದ ಕಡೆ ಹಳೆಯ ಸೀರೆ ಇಳಿಬಿಟ್ಟು, ಅದಕ್ಕೆ ಚಿಕ್ಕವರ ಕೋಣೆ ಎಂದು ಹೆಸರಿಟ್ಟಿದ್ದರು. ಎಂಟು ವರ್ಷ ಅದೇ ಕೋಣೆ. ಬಟ್ಟೆ ಬದಲಿಸುವಾಗ ಆ ಸೀರೆಯ ಅಂಚನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿಯುವುದು ರೂಪಶ್ರೀಗೆ ರೂಢಿಯಾಗಿ ಹೋಗಿತ್ತು. ಗಾಳಿಗಾಗಲಿ, ಬೆಕ್ಕಿಗಾಗಲಿ, ಭಾವನ ಮಕ್ಕಳಿಗಾಗಲಿ ಅದು ಬಾಗಿಲು ಅನ್ನಿಸಿರಲಿಲ್ಲ. ಗಂಡ ಹೆಂಡತಿ ಜಗಳವಾಡಬೇಕಾದರೂ ಪಿಸುಮಾತಿನಲ್ಲೇ ಆಡಬೇಕು. ಪಿಸುಮಾತಿನ ಜಗಳ ಮುಗಿಯುವುದೇ ಇಲ್ಲ. ಮರುದಿನಕ್ಕೆ ಹಾಗೇ ಉಳಿಯುತ್ತದೆ.

ಹಾಗಾಗಿ ಅಣ್ಣತಮ್ಮಂದಿರು ಜಾಗ ಹಂಚಿಕೊಂಡು, ಮನುವಿನ ಪಾಲಿಗೆ ಅಣ್ಣ ದನ ಕೂಡುವ ಪಟ್ಟಿಗೂ ಹಳ್ಳಕ್ಕೂ ನಡುವಿನ ಒಂದು ಪಟ್ಟೆ ನೆಲ ಬಂದಾಗ ಅವಳು ಕೇಳಿದ್ದು ಒಂದೇ. ಮರದ ಬಾಗಿಲು, ಒಳಗಡೆ ಚಿಲಕ. ಮನು ತಲೆಯಾಡಿಸಿದ. ಆಮೇಲೆ ಹೋಗಿ ಗಾಜಿನ ಬಾಗಿಲು ತಂದ.

ಅವನು ಹನ್ನೆರಡು ವರ್ಷ ಜೀಪು ಓಡಿಸಿದ್ದ ರೆಸಾರ್ಟು ಆ ವರ್ಷ ಮುಚ್ಚಿತು. ಇದ್ದ ಸಾಮಾನನ್ನು ಬೇಕಾದವರು ಅಗ್ಗಕ್ಕೆ ಒಯ್ಯಿರಿ ಎಂದು ಯಜಮಾನ ಹೇಳಿದಾಗ ಉಳಿದ ಕೆಲಸದವರು ಮಂಚ, ಫ್ಯಾನು, ಗೀಸರು ಹೊತ್ತುಕೊಂಡು ಹೋದರು. ಮನು ಊಟದ ಕೋಣೆಯ ಮುಂದಿದ್ದ ಸರಿಯುವ ಬಾಗಿಲುಗಳನ್ನು ಬಿಚ್ಚಿಸಿದ. ಆಳೆತ್ತರಕ್ಕಿಂತ ಎತ್ತರದ ನಾಲ್ಕು ಗಾಜು, ಕಪ್ಪು ಚೌಕಟ್ಟು, ಕೆಳಗೆ ಓಡಾಡುವ ಚಕ್ರ. ಅಂಚಿನವೆರಡು ನಿಂತಲ್ಲೇ ನಿಲ್ಲುತ್ತವೆ, ನಡುವಿನವೆರಡು ಆಚೀಚೆ ಸರಿಯುತ್ತವೆ. ಅವನ್ನು ಕಂಬಳಿಯಲ್ಲಿ ಸುತ್ತಿ ತಂದು ಪಟ್ಟಿಯ ಗೋಡೆಗೆ ಒರಗಿಸಿದ ದಿನ ಊರೇ ಬಂದು ನೋಡಿತು.

ಮಾದಪ್ಪ ಸುತ್ತ ಒಂದು ಬಾರಿ ನಡೆದು ಬಂದು ಹೇಳಿದ: "ಎಲ್ರೂ ಮನ ಕಟ್ಟಿ ಬಾಗ್ಲು ಮಾಡುಸ್ತಾರ. ನೀನು ಬಾಗ್ಲು ತಂದು ಮಡಗಿ ಮನ ಹುಡುಕ್ತಿದ್ದೀಯಲ್ಲ."

ಮಾತು ಸುಳ್ಳಾಗಿರಲಿಲ್ಲ. ನಾಲ್ಕು ಬಾಗಿಲುಗಳ ಅಗಲ ಎಷ್ಟೋ ಮನೆಯ ಅಗಲವೂ ಅಷ್ಟೇ ಎಂದು ಮನು ತೀರ್ಮಾನಿಸಿದ್ದ. ಈಗ ಬಾಡಿಗೆಗೆ ಓಡಿಸುತ್ತಿದ್ದ ಜೀಪಿನ ಬಾನೆಟ್ಟಿನ ಮೇಲೆ ಕೂತ ದೂಳಿನಲ್ಲಿ ಬೆರಳಿನಿಂದ ಮನೆ ಬರೆಯುತ್ತಿದ್ದ, ಅಂಗೈಯಿಂದ ಒರೆಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಎಷ್ಟು ಸಲ ಬರೆದರೂ ಮುಂದಿನ ಗೆರೆ ಮಾತ್ರ ಅದೇ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗಾಜು. ರಾತ್ರಿ ರೂಪಶ್ರೀ ಪಿಸುಗುಟ್ಟಿ ಕೇಳಿದಳು, ಇದರಲ್ಲಿ ನಾನು ಅಡಗುವುದೆಲ್ಲಿ ಎಂದು. ಅವನು ಹೇಳಿದ್ದು ಇಷ್ಟು:

"ಹನ್ನೆರಡು ವರ್ಷ ಆ ಗಾಜಿನ ಆಚ ನಿಂತು ಒಳಗ ಕುಂತಿರೋರ ನೋಡಿವ್ನಿ. ಒಂದಿನ ಈಚ ಕುಂತು ನೋಡ್ಬೇಕು, ಅಷ್ಟೆಯ."

ಅವಳು ಗಾಜಿಗೂ ಚಿಲಕ ಇರುತ್ತದಾ ಎಂದು ಕೇಳಿದಳು. ಇರುತ್ತದೆ, ಒಳಗಡೆಯೇ ಇರುತ್ತದೆ ಎಂದ. ಅವಳು ಒಪ್ಪಿಕೊಂಡಳು.

ಊರವರ ಪ್ರಶ್ನೆ ಬೇರೆ. ಹಾಲು ಹಾಕಲು ಬಂದವರು, ಬಸ್ಸಿಗೆ ಕಾದು ನಿಂತವರು, ಎಲ್ಲರೂ ಒಂದೇ ಮಾತು ಕೇಳಿದರು. ಆನ ಬಂದ್ರ? ಮನು ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದವನ ಹಾಗೆ ಉತ್ತರ ಕೊಡುತ್ತಿದ್ದ. ಮನೆಯ ಹಿಂದೆ ಮುಳ್ಳುಕಾಡು, ಅಲ್ಲೇ ಆನೆಯ ದಾರಿ. ಅದಕ್ಕೇ ಹಿಂದಿನ ಗೋಡೆ ಪೂರಾ ಕಲ್ಲು, ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಹಲಸಿನ ಮರ ಕಡಿಸಿದ್ದಾಗಿದೆ. ರಾಗಿ, ಉಪ್ಪು, ಬಾಳೆಗೊನೆ ಒಂದೂ ಮನೆಯೊಳಗೆ ಇಡುವುದಿಲ್ಲ, ಎಲ್ಲ ಅಣ್ಣನ ಮನೆಯಲ್ಲೇ. ಗಾಜು ಪೂರ್ವಕ್ಕೆ, ಊರ ಕಡೆಗೆ. ಚಿರತೆಗೆ ಚಿಲಕ ಇದೆ. ಕರಡಿ ಬೆಳಕಿದ್ದ ಕಡೆ ಬರುವುದಿಲ್ಲ. ಕೋತಿ ಹೆಂಚನ್ನಾದರೂ ಎತ್ತೀತು, ಗಾಜು ಎತ್ತಲಾರದು. ಕಾಡಿನಲ್ಲಿ ಇರುವ ಪ್ರಾಣಿಗಳನ್ನೆಲ್ಲ ಅವನು ಒಂದೊಂದಾಗಿ ಯೋಚಿಸಿ ಮುಗಿಸಿದ್ದ.

ಬಸವನ ಮಾತನ್ನು ಯಾರೂ ಎತ್ತಲಿಲ್ಲ. ಬಸವನನ್ನು ಯಾರೂ ಪ್ರಾಣಿ ಅಂದುಕೊಂಡಿರಲಿಲ್ಲ.

ಮನುವಿಗೆ ಮದುವೆಗೆ ಮುಂಚೆ ಕಾಮಾಲೆ ಬಂದು ಬದುಕುವುದೇ ಕಷ್ಟ ಅಂದಾಗ ಲಿಂಗಾಜಮ್ಮ ಹರಕೆ ಹೊತ್ತು, ಮನೆಯ ಕೆಂದು ಹೋರಿಗರುವಿನ ಭುಜಕ್ಕೆ ಲಿಂಗಮುದ್ರೆ ಒತ್ತಿಸಿ ದೇವರ ಹೆಸರಿನಲ್ಲಿ ಬಿಟ್ಟಿದ್ದಳು. ಬಿಟ್ಟ ಮೇಲೆ ಅದಕ್ಕೆ ಹಗ್ಗವಿಲ್ಲ, ಮೂಗುದಾರವಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಕೈ ಎತ್ತುವ ಹಾಗಿಲ್ಲ. ಸಾಕು ಹೋಗಪ್ಪ ಎಂದು ಕೇಳಿಕೊಳ್ಳಬಹುದು, ಹೋಗುವುದು ಬಿಡುವುದು ಅವನಿಗೆ ಸೇರಿದ್ದು. ಈಗ ಅವನು ಆಳಿನ ಎದೆಯೆತ್ತರಕ್ಕೆ ಹಿಣಿಲು ಬರುವ ದೊಡ್ಡ ಬಸವ. ಊರಿನ ಹಸುಗಳಿಗೆಲ್ಲ ಗಂಡ. ಪಕ್ಕದ ಊರಿನ ಹೋರಿಯೊಂದು ಹಳ್ಳ ದಾಟಿ ಈಚೆ ಬಂದಾಗ ಅದರ ಪಕ್ಕೆ ಮುರಿದು ಕಳಿಸಿದ್ದ. ಮನುಷ್ಯರ ಹತ್ತಿರ ಮಾತ್ರ ಕರುವಿನ ಹಾಗೆ. ಬೆಳಿಗ್ಗೆ ಲಿಂಗಾಜಮ್ಮನ ಬಾಗಿಲಿಗೆ ಬಂದು ನಿಂತು, ಅವಳು ಕೊಟ್ಟ ಮುದ್ದೆ ತಿಂದು, ಕೈ ನೆಕ್ಕಿ ಹೋಗುತ್ತಿದ್ದ.

ಗೋಡೆ ಎದ್ದವು. ಗೂಡಲೂರಿನ ಗಾಜಿನ ಅಂಗಡಿಯಿಂದ ಬಾಗಿಲು ಕೂರಿಸಲು ಗೋಕುಲ್ ಎಂಬವನು ಬಂದ. ಕಂಬಳಿ ಬಿಚ್ಚಿದರೆ ನಾಲ್ಕರಲ್ಲಿ ಒಂದು ಗಾಜು ಪುಡಿಪುಡಿಯಾಗಿ ಹರಳುಪ್ಪಿನಂತೆ ಕೂತಿತ್ತು. ಒಡೆದರೆ ಕುಯ್ಯದೆ ಹೀಗೆ ಹರಳಾಗುವ ಅಂಥದೇ ಗಟ್ಟಿ ಗಾಜು ಬೇಕಾದರೆ ಕೊಯಮತ್ತೂರಿನಲ್ಲಿ ಮಾಡಿಸಬೇಕು, ತಿಂಗಳು ಹಿಡಿಯುತ್ತದೆ ಎಂದ ಗೋಕುಲ್. ಗೃಹಪ್ರವೇಶಕ್ಕೆ ಆಗಲೇ ದಿನ ಇಟ್ಟಾಗಿತ್ತು. ಅಂಗಡಿಯಲ್ಲಿ ಅಷ್ಟೇ ದಪ್ಪದ ಸಾದಾ ಗಾಜು ಇದೆ, ನಾಳೆಯೇ ಕತ್ತರಿಸಿ ತರುತ್ತೇನೆ, ಹಾಕಿದ ಮೇಲೆ ಯಾವುದು ಯಾವುದೆಂದು ನಿಮಗೇ ಗೊತ್ತಾಗುವುದಿಲ್ಲ ಅಣ್ಣಾ, ಎಂದ. ತಂದ. ಹಾಕಿದ. ಗೊತ್ತಾಗಲಿಲ್ಲ. ಅದು ನಡುವಿನ ಎರಡರಲ್ಲಿ ಎಡಗಡೆಯದು.

ಲಿಂಗಾಜಮ್ಮ ಬಾಗಿಲು ನೋಡಲು ಬಂದವಳು ಗಾಜು ನೋಡಲಿಲ್ಲ, ನೆಲ ನೋಡಿದಳು. ಬಾಗಿಲು ಓಡುವ ಕಂಬಿಯನ್ನು ಗೋಕುಲ್ ನೆಲದ ಮಟ್ಟಕ್ಕೇ ಹುದುಗಿಸಿದ್ದ, ಎಡವಬಾರದೆಂದು. ಹೊಸ್ತಿಲು ಇರಲಿಲ್ಲ.

"ಹೊಸ್ಲೇ ಇಲ್ದ ಮನಗ ಎಲ್ಲಿಗ ಅರಿಸ್ನ ಹಚ್ಚದು? ಈ ರೈಲು ಕಂಬಿಗಾ?"

ಮನು ಸಮಾಧಾನ ಹೇಳಿದ, ಲಿಂಗಾಜಮ್ಮ ಮುಖ ತಿರುಗಿಸಿದಳು. ಹಾಗೆ ಎರಡು ದಿನ ಹೋಯಿತು. ಮೂರನೆಯ ದಿನ ಅವಳೇ ಬಂದು ಹೊಸ ಮಾತು ತೆಗೆದಳು. ಗೃಹಪ್ರವೇಶಕ್ಕೆ ಮೊದಲು ಬಸವ ಒಳಗೆ ಹೋಗಬೇಕು. ಹಳೆಯ ಮನೆಗೆ ಹೋಗುವಾಗ ಬಾಗಿಲು ಸಣ್ಣದಾಗಿ, ಹೊಸ್ತಿಲು ಎತ್ತರವಾಗಿ, ಕರುವಿನ ಮುಂಗಾಲನ್ನಷ್ಟೇ ಒಳಗಿಡಿಸಿ ಶಾಸ್ತ್ರ ಮುಗಿಸಿದ್ದರು. ಆ ಮನೆಯಲ್ಲಿ ಅವಳ ಗಂಡ ಬಹಳ ದಿನ ಬಾಳಲಿಲ್ಲ. ಇಲ್ಲಿ ಹೊಸ್ತಿಲಿಲ್ಲ, ಬಾಗಿಲು ಅಗಲ. ಬಸವ ಕೊಂಬಿನಿಂದ ಬಾಲದವರೆಗೆ ಒಳಗೆ ಬರುತ್ತಾನೆ. ಈ ಊರಿನಲ್ಲಿ ಯಾರ ಮನೆಗೂ ಆ ಭಾಗ್ಯ ಬಂದಿಲ್ಲ. ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. ಗಾಜಿನ ಬಾಗಿಲಿಗೆ ಮೊದಲ ಬಾರಿ ಅವಳ ಬಾಯಿಂದ ಒಳ್ಳೆಯ ಮಾತು ಬಂದಿತ್ತು. ಬೇಡ ಅನ್ನಲು ಯಾರಿಗೂ ಕಾರಣವಿರಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ಎರಡೂ ಬಾಗಿಲನ್ನು ಪೂರ್ತಿ ಸರಿಸಿದರು. ಲಿಂಗಾಜಮ್ಮ ಮುಂದೆ ನಡೆದು ಬೆಲ್ಲದ ಅಚ್ಚು ತೋರಿಸುತ್ತ ಬಾ ಸ್ವಾಮಿ ಬಾ ಎಂದಳು. ಬಸವ ಕಂಬಿಯನ್ನು ಮೂಸಿ, ದಾಟಿ, ಮುಂದಿನ ಹಾಲಿನ ನಟ್ಟನಡುವೆ ಬಂದು ನಿಂತ. ಮೊರದ ತುಂಬ ಬೆಲ್ಲ, ಬಾಳೆಹಣ್ಣು, ನೆನೆಸಿದ ಅಕ್ಕಿ. ತಿಂದ, ನೆಲದ ಮೇಲೆ ಸಗಣಿ ಹಾಕಿದ, ಎಲ್ಲರೂ ಕೈ ಮುಗಿದರು. ಮಾದಪ್ಪ ತಮ್ಮನ ಭುಜ ತಟ್ಟಿ, ನಿನ್ನ ಬಸ್ ಸ್ಟ್ಯಾಂಡಿಗೆ ಮೊದಲನೇ ಬಸ್ಸು ಬಂತು ಎಂದಾಗ ಲಿಂಗಾಜಮ್ಮನೂ ನಕ್ಕಳು. ಆ ದಿನ ಯಾರೂ ಯಾರ ಮೇಲೂ ಕೋಪಗೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಬಸವ ಹಳೆಯ ಮನೆಯ ಬಾಗಿಲಿಗೆ ಹೋಗುವುದನ್ನು ಬಿಟ್ಟು ಇಲ್ಲಿಗೆ ಬರತೊಡಗಿದ. ರೂಪಶ್ರೀ ಬಾಗಿಲು ಸರಿಸಿಯೇ ಇಟ್ಟಿರುತ್ತಿದ್ದಳು. ಅವನು ಕತ್ತು ಒಳಗೆ ಹಾಕಿದರೆ ಬೆಲ್ಲದ ಚೂರು ಕೊಡುವಳು.

ಮನೆ ಬಂದರೂ ರೂಪಶ್ರೀಯ ಕೊರತೆ ತೀರಲಿಲ್ಲ. ಚಿಲಕವೇನೋ ಇತ್ತು, ಒಳಗಡೆಯೇ ಇತ್ತು. ಅದನ್ನು ಹಾಕಿಕೊಂಡು ಅವಳು ಹಾಲಿನಲ್ಲಿ ನಿಂತರೆ ದಾರಿಯಲ್ಲಿ ಹೋಗುವವರು, ಊಟ ಆಯ್ತಾ ಎಂದು ಕೈ ಸನ್ನೆಯಲ್ಲಿ ಕೇಳುತ್ತಿದ್ದರು. ಹಿಂದಿನ ಗೋಡೆಗೆ ಕಿಟಕಿಯಿಲ್ಲದ್ದರಿಂದ ಒಳಕೋಣೆ ಹಗಲಿನಲ್ಲೂ ಗವಿ. ಮನು ಮಾತ್ರ ಸಂಜೆ ಕುರ್ಚಿ ಹಾಕಿಕೊಂಡು ಕೂತು ಹೊರಗೆ ನೋಡುತ್ತಿದ್ದ. ಅವನಿಗೆ ಅಲ್ಲಿ ಏನು ಕಾಣುತ್ತಿತ್ತೋ. ಅಣ್ಣನ ದನಗಳೇ ಇದ್ದವು.

ಕೊನೆಗೆ ಅವಳು ಮನುವಿಗೆ ಹೇಳಿ, ರೆಸಾರ್ಟಿನಲ್ಲಿ ಉಳಿದಿದ್ದ ದಪ್ಪ ಕಪ್ಪು ಪರದೆಬಟ್ಟೆ ತರಿಸಿಕೊಂಡಳು. ತಾನೇ ಹೊಲಿದು ಒಂದು ಮಧ್ಯಾಹ್ನ ಗಾಜಿಗೆ ತಾಕುವಂತೆ ಗೋಡೆಯಿಂದ ಗೋಡೆಗೆ ಕಟ್ಟಿದಳು. ಹೇಗೆ ಕಾಣುತ್ತದೆಂದು ಹೊರಗೆ ಬಂದು ನೋಡಿದರೆ ಕೈಯಲ್ಲಿ ಕತ್ತರಿ ಹಿಡಿದ ಹೆಂಗಸೊಬ್ಬಳು ಎದುರು ನಿಂತಿದ್ದಳು. ಅಡಿಯಿಂದ ಮುಡಿಯವರೆಗೆ ತನ್ನನ್ನು ಒಟ್ಟಿಗೆ ಅವಳು ನೋಡಿದ್ದು ಅದೇ ಮೊದಲು. ಒಳಗಿನದು ಒಂದು ಚೂರೂ ಕಾಣುತ್ತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮನು ಜೀಪು ತೊಳೆಯಲು ಹಳ್ಳಕ್ಕೆ ಹೋಗಿದ್ದ. ರೂಪಶ್ರೀ ತಲೆಗೆ ನೀರು ಹಾಕಿಕೊಂಡು ಬಂದು, ಪರದೆ ಎಳೆದು, ಚಿಲಕ ಹಾಕಿ, ಹಾಲಿನ ನಡುವೆ ನಿಂತು ಸೀರೆ ಉಡತೊಡಗಿದಳು. ಎರಡು ಕಾಲೂ ನೆಲದ ಮೇಲೆ ಸರಿಯಾಗಿ ಊರಿದ್ದವು. ಅವಸರ ಮಾಡಲಿಲ್ಲ. ನೆರಿಗೆಯನ್ನು ಒಮ್ಮೆ ಹಿಡಿದು, ಸರಿ ಬರಲಿಲ್ಲವೆಂದು ಬಿಚ್ಚಿ, ಮತ್ತೆ ಹಿಡಿದಳು.

ಹೊರಗೆ ಬಸವನ ಉಸಿರು ಕೇಳಿಸಿತು. "ಇರು ಸ್ವಾಮಿ, ಬತ್ತೀನಿ," ಎಂದಳು. ಗೊರಸು ನೆಲ ಕೆರೆಯುವ ಸದ್ದು. ಬೆಲ್ಲಕ್ಕೆ ಹಾಗೆ ಮಾಡುವವನಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ನೆರಿಗೆ ಕೈಯಲ್ಲಿತ್ತು. ಚಿಲಕ ತೆಗೆಯುವ ಮೊದಲು ಅದನ್ನು ಸಿಕ್ಕಿಸಿಕೊಳ್ಳೋಣ ಎಂದು ಅವಳು ತಲೆ ಬಗ್ಗಿಸಿದಳು. ಗುಟುರು ಕೇಳಿಸಿತು. ಆಮೇಲೆ ಪರದೆ ಉಬ್ಬಿಕೊಂಡು ಅವಳ ಮೇಲೆಯೇ ಬಂತು.

ಅವನು ಗುದ್ದಿದ್ದು ಎಡಗಡೆಯ ಸಾದಾ ಗಾಜಿಗೆ. ಅದು ಹರಳುಪ್ಪಾಗಲಿಲ್ಲ, ಕುಡುಗೋಲಿನಂಥ ಉದ್ದುದ್ದ ಸೀಳಾಯಿತು. ಬಸವ ತಲೆಯನ್ನು ಹಿಂದಕ್ಕೆ ಎಳೆದುಕೊಂಡಾಗ ಮೇಲಿನ ಸೀಳು ಕುತ್ತಿಗೆಗೆ ಇಳಿಯಿತು. ಮಾದಪ್ಪ ಪಟ್ಟಿಯಿಂದ ಓಡಿ ಬರುವ ಹೊತ್ತಿಗೆ ಅವನು ಮುಂಗಾಲು ಮಡಿಸಿ ಕಂಬಿಯ ಮೇಲೆ ಕೂತಿದ್ದ, ರಕ್ತ ಕಂಬಿಯ ಉದ್ದಕ್ಕೂ ಎರಡು ಕಡೆಗೂ ಹರಿಯುತ್ತಿತ್ತು. ಮಸಿನಗುಡಿಯಿಂದ ದನದ ಡಾಕ್ಟರನ್ನು ಕರೆತಂದಾಗ ಕಣ್ಣು ಮೇಲಾಗಿತ್ತು. ಪರದೆ ಅಡ್ಡ ಇದ್ದದ್ದರಿಂದ ಗಾಯವಾಗದೆ ಉಳಿದ ರೂಪಶ್ರೀ ಹೊರಗೆ ಬಂದು, ಬಸವನನ್ನು ಹೊದಿಸಲು ಆ ಪರದೆಯನ್ನು ಹಿಡಿದು ಎಳೆದಳು. ಪರದೆ ಹೋದ ಕೂಡಲೇ, ಅಲ್ಲಿಯವರೆಗೆ ಅವಳ ಪ್ರತಿಬಿಂಬ ನಿಂತಿದ್ದ ಉಳಿದ ಗಾಜಿನಲ್ಲಿ ಯಾರೂ ಇರಲಿಲ್ಲ. ಒಳಗಿನ ನೆಲ, ಕುರ್ಚಿ, ಹಿಂದಿನ ಕಲ್ಲುಗೋಡೆ ಕಂಡವು. ಅವಳು ಅಲ್ಲೇ ನಿಂತು ಅರ್ಥ ಮಾಡಿಕೊಂಡಳು. ಬಸವ ತಾನು ಬೆಲ್ಲ ತಿಂದ ಜಾಗದಲ್ಲಿ ಇನ್ನೊಂದು ಹೋರಿ ನಿಂತಿದೆ ಎಂದು ನುಗ್ಗಿದ್ದ.

ಲಿಂಗಾಜಮ್ಮ ಹೊಸ್ತಿಲಿಲ್ಲದ್ದಕ್ಕೇ ಹೀಗಾಯಿತೆಂದು ಎದೆ ಬಡಿದುಕೊಂಡಳು. ಮಾದಪ್ಪ ಗೋಕುಲನನ್ನು ಬೈದ. ಊರವರು ಮನುವಿನ ಆಸೆಯನ್ನು ಬೈದರು. ರೂಪಶ್ರೀ ಮನುವನ್ನು ಗೋಡೆಯ ಮರೆಗೆ ಕರೆದು ಹೇಳಿದಳು.

"ಪರದೆ ಕಟ್ದೋಳು ನಾನು. ಅದ್ರಿಂದ್ಲೇ ಅವ್ನಿಗ ಅವ್ನೇ ಕಂಡದ್ದು."

ಮನು ಅವಳ ಮುಖ ನೋಡಲಿಲ್ಲ. "ಈ ಮಾತ ಇನ್ನೊಬ್ರ ಮುಂದ ಆಡ್ಬೇಡ," ಎಂದ.

ಬಸವನನ್ನು ಬೇರೆ ಕಡೆ ಒಯ್ಯಬಾರದು, ಬಿದ್ದಲ್ಲೇ ಮಣ್ಣು ಮಾಡಬೇಕು ಎಂದು ಹಿರಿಯರು ಹೇಳಿದರು. ಬಾಗಿಲಿನ ಎದುರಿಗೇ ಗುಂಡಿ ತೋಡಿ, ವಿಭೂತಿ ಹಚ್ಚಿ, ಕಪ್ಪು ಪರದೆ ಸಮೇತ ಕೂರಿಸಿದರು. ಮೇಲೆ ಕಲ್ಲು ಕಟ್ಟಿ ಗದ್ದುಗೆ ಮಾಡಿದರು. ಗದ್ದುಗೆಗೆ ಎದುರಾಗಿ ಸಂಸಾರದ ಹಾಸಿಗೆ ಹಾಸುವ ಹಾಗಿಲ್ಲ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ರೂಪಶ್ರೀ ಒಬ್ಬಳೇ ಬಿಡದೆ ಕೇಳಿದಳು. ಮುಂದೆ ಗೋಡೆ ಎಬ್ಬಿಸಿ ಬಾಗಿಲನ್ನು ಬೇರೆ ಕಡೆ ಇಡಿ ಎಂದಳು.

"ಎಲ್ಲಿಗ ಮಡಗದು?" ಎಂದ ಮನು. "ಹಿಂದ ಆನ ದಾರಿ. ಆ ಕಡ ಹಳ್ಳ. ಈ ಕಡ ಅಣ್ಣನ ಪಟ್ಟಿ. ನೀನೇ ಹೇಳು, ಎಲ್ಲಿಗ?"

ಅವಳು ಪಟ್ಟಿಯ ಗೋಡೆಯ ಕಡೆ ನೋಡಿದಳು. ಅಲ್ಲೇ ನಿಂತಿದ್ದ ಮಾದಪ್ಪ ದನಗಳ ಕಡೆ ತಿರುಗಿದ.

ವಾರದೊಳಗೆ ಅವರು ಪಾತ್ರೆ, ಹಾಸಿಗೆ, ಕುರ್ಚಿ ಹೊತ್ತು ಹಳೆಯ ಮನೆಗೆ ಬಂದರು. ಹೊಸ ಮನೆಯಲ್ಲಿ ಈಗ ಗದ್ದುಗೆಯ ಪೂಜೆಯ ಸಾಮಾನು, ಮಾದಪ್ಪನ ರಾಗಿ ಹುಲ್ಲು ಇವೆ. ಸೋಮವಾರ ಹೆಂಗಸರು ಬಂದು ಉಳಿದ ಗಾಜುಗಳಿಗೆ ಕುಂಕುಮ ಹಚ್ಚಿ ಹೋಗುತ್ತಾರೆ. ಮನು ಆ ಕಡೆ ತಿರುಗಿ ನೋಡುವುದಿಲ್ಲ. ರೂಪಶ್ರೀ ನಡುಮನೆಯ ಮೂಲೆಯಲ್ಲಿ ಸೀರೆ ಇಳಿಬಿಟ್ಟು, ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಟ್ಟೆ ಬದಲಿಸುತ್ತಾಳೆ.

ಹೋದದ್ದು ಒಂದು ಬಸವ, ಒಂದು ಗಾಜು, ಒಂದು ಪರದೆ, ಒಂದು ಚಿಲಕ.